ಒಂದು ಕಾಳು ಕಡಿಮೆ

ಮಡಿಕೇರಿ
4 ಡಿಸೆಂಬರ್ 2020

ಅಕ್ಕ,

ನೀನು ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ. ಮಾಡು. ಪೋಸ್ಟ್‌ಮ್ಯಾನ್ ಕೀರ್ತಿಕುಮಾರನನ್ನು ಬ್ಲಾಕ್ ಮಾಡುವ ಬಟನ್ ಇನ್ನೂ ಬಂದಿಲ್ಲ. ಈ ಕಾಗದವನ್ನು ಒಲೆಗೆ ಹಾಕುವುದಾದರೆ ಓದಿ ಹಾಕು.

ಹುತ್ತರಿ ಹಬ್ಬದ ದಿನ ನಾನು ನಿನ್ನ ಮನೆಗೆ ಬಂದದ್ದು ಊಟಕ್ಕೆ ಗತಿಯಿಲ್ಲದೆ ಅಲ್ಲ. ಮಾರ್ಚಿನಿಂದ ಅವ್ವನ ಮುಖ ನೋಡಿರಲಿಲ್ಲ. ಟೆಸ್ಟ್ ಮಾಡಿಸಿ, ನೆಗೆಟಿವ್ ಚೀಟಿ ಬ್ಯಾಗಿನಲ್ಲಿಟ್ಟು, ಇದ್ದ ಒಂದು ಒಳ್ಳೆ ಸೀರೆ ಉಟ್ಟು, ಸುಂಟಿಕೊಪ್ಪದಲ್ಲಿ ಬಸ್ಸಿಳಿದು ನಿಮ್ಮ ಎಸ್ಟೇಟ್ ಗೇಟಿನವರೆಗೆ ನಡೆದೆ. ಕೈಯಲ್ಲಿ ಅವ್ವನಿಗೆ ಅಂತ ತಂಬಿಟ್ಟಿನ ಡಬ್ಬಿ. ಗೇಟಲ್ಲಿ ನಿಮ್ಮ ವಾಚ್‌ಮ್ಯಾನ್ ಬೊಮ್ಮ ನಿಂತಿದ್ದ, ಬೆನ್ನಿಗೆ ಕಾಫಿ ಗಿಡಕ್ಕೆ ಔಷಧಿ ಹೊಡೆಯುವ ಪಂಪು. "ಕಣ್ಣು ಮುಚ್ಚಿಕೊಳ್ಳಿ ಅಕ್ಕ" ಅಂದ. ಮುಚ್ಚಿದೆ. ತಲೆಯಿಂದ ಕಾಲಿನವರೆಗೆ ಹೊಡೆದ, ತಿರುಗಿ ನಿಲ್ಲಿ ಅಂತ ಹೇಳಿ ಬೆನ್ನಿಗೂ ಹೊಡೆದ. ಪಂಪು ತೊಳೆದಿರಲಿಲ್ಲ, ತಳದಲ್ಲಿ ಮಳೆಗಾಲದಲ್ಲಿ ಹೊಡೆದ ಬೋರ್ಡೋ, ಆ ಮೈಲುತುತ್ತಿನ ನೀರು, ಉಳಿದಿತ್ತು. ಸೀರೆ ತುಂಬಾ ನೀಲಿ ಚುಕ್ಕೆ. ಮೂರು ಸಲ ಒಗೆದೆ, ಹೋಗಲಿಲ್ಲ.

ನಾನೇನು ಕಾಂಡಕೊರಕ ಹುಳವಾ ಅಕ್ಕ?

ನೀನು ಹತ್ತು ಮಾರು ಆಚೆ ಸೆರಗು ಮೂಗಿಗೆ ಹಿಡಿದು ನಿಂತಿದ್ದೆ. ಅಷ್ಟು ಹೊಡೆಸಿಕೊಂಡ ಮೇಲಾದರೂ ಒಳಗೆ ಬಿಟ್ಟೆಯಾ? "ಡಬ್ಬಿ ಅಲ್ಲೇ ಇಟ್ಟು ಹೋಗು, ಮ್ಯಾನೇಜರ್ ರೂಲ್ಸ್" ಅಂದೆ. ಮ್ಯಾನೇಜರ್ ರೂಲ್ಸಂತೆ. ಬಾವ ಆ ಎಸ್ಟೇಟಿನ ರೈಟರ್, ಆಳುಗಳ ಹಾಜರಿ ಹಾಕುವವರು. ಹೆಂಡತಿಯ ತಂಗಿಯನ್ನು ಒಳಗೆ ಕರೆಯುವಷ್ಟು ಬಾಯಿ ಅವರಿಗೆ ಇಲ್ಲ ಅಂದರೆ ನಾನು ನಂಬಬೇಕು.

ನಾನು ಕೆಲಸ ಮಾಡುವ ಹುಡುಗಿಯರ ಹಾಸ್ಟೆಲನ್ನು ಕೋವಿಡ್ ಸೆಂಟರ್ ಮಾಡಿದ್ದು ನಾನಲ್ಲ. ನಾನು ಮೊದಲೂ ಅಡುಗೆಯವಳು, ಈಗಲೂ ಅಡುಗೆಯವಳು. ರೋಗಿಗಳಿಗೂ ಹೊಟ್ಟೆ ಉಂಟಲ್ಲ. ನಾನು ನಿಲ್ಲುವುದು ಒಲೆ ಮುಂದೆ, ವಾರ್ಡಿನೊಳಗೆ ಕಾಲಿಡುವವರೇ ಬೇರೆ. ಆದರೂ ನಿನ್ನ ಕಣ್ಣಿಗೆ ನಾನೇ ಕೊರೊನ.

ಇರಲಿ. ಈಗ ಕಾಗದ ಬರೆದದ್ದು ಅವ್ವನಿಗೋಸ್ಕರ. ಕಿವಿ ಕೇಳದವಳ ಹತ್ತಿರ ಫೋನಲ್ಲಿ ಎಂತ ಮಾತಾಡುವುದು? ಬಾವನ ಬಟನ್ ಫೋನಿಗೆ ಮಾಡಿದರೆ "ಮಲಗಿದ್ದಾಳೆ" ಅಂತ ಇಟ್ಟುಬಿಡುತ್ತಾರೆ. ಆ ಆಳುಗಳ ಲೈನ್‌ಮನೆಗಳ ಮಧ್ಯೆ ಯಾರೂ ಬರದೆ ಹೋಗದೆ, ಈ ಮಂಜಲ್ಲಿ ಅವಳಿಗೆ ಹೊತ್ತು ಹೇಗೆ ಹೋಗುತ್ತದೆ? ನನಗೂ ಹೋಗುವುದಿಲ್ಲ. ಅದಕ್ಕೆ ನಾನೂ ಅವ್ವನೂ ಕಾಗದದಲ್ಲಿ ಚೆನ್ನೆಮಣೆ ಆಡುವುದು ಅಂತ ಮಾಡಿದ್ದೇನೆ. ಯಾವ ಗುಳಿಯಿಂದ ಎತ್ತಿದೆ ಅಂತ ಅವಳು ಹೇಳಲಿ, ನೀನು ಬರೆ. ನಾನು ಇಲ್ಲಿ ಅದೇ ಥರ ಕಾಳು ಬಿತ್ತುತ್ತೇನೆ, ನನ್ನ ಆಟ ತಿರುಗಿ ಬರೆಯುತ್ತೇನೆ. ಮಳೆ ಸುರಿಯುವ ಆಟಿ ತಿಂಗಳು ಕಳೆದ ಮೇಲೆ ಅಟ್ಟದಿಂದ ಮಣೆ ಇಳಿಸಬಾರದು ಅಂತ ಅವ್ವ ತಕರಾರು ತೆಗೆದರೆ ಹೇಳು, ಬಾಗಿಲು ಹಾಕಿ ಒಳಗೆ ಕೂರುವುದೇ ಆಟಿ ಅಂತಾದರೆ ಈ ವರ್ಷ ಇಡೀ ಆಟಿಯೇ.

ನೀನು ಬರೆಯುವ ಕೈ ಮಾತ್ರ, ನೆನಪಿರಲಿ. ಅಕ್ಕತಂಗಿ ಎದುರುಬದುರು ಕೂತು ಚೆನ್ನೆ ಆಡಿದರೆ ಮನೆ ಒಡೆಯುತ್ತದೆ ಅಂತ ಅಜ್ಜಿ ಹೇಳುತ್ತಿದ್ದರು. ಒಡೆಯುವುದಕ್ಕೆ ಇನ್ನು ಹೆಚ್ಚೇನೂ ಉಳಿದಿಲ್ಲ, ಆದರೂ ಬೇಡ.

ಇತಿ,
ನೀಲಿ ಚುಕ್ಕೆಯ ಸೀರೆಯವಳು,
ಪವಿತ್ರಾ


ಸುಂಟಿಕೊಪ್ಪ
13 ಡಿಸೆಂಬರ್ 2020

ಪವಿತ್ರಾಳಿಗೆ ಚಿತ್ರಾ ಮಾಡುವ ಆಶೀರ್ವಾದಗಳು. ನಾವೆಲ್ಲ ಕ್ಷೇಮ. ನಿನ್ನ ಕ್ಷೇಮದ ಬಗ್ಗೆ ಕೇಳುವುದಿಲ್ಲ, ನಾಲ್ಕು ಪುಟ ಬೈಯುವ ತ್ರಾಣ ಇದ್ದವರು ಕ್ಷೇಮವಾಗಿಯೇ ಇರುತ್ತಾರೆ.

ನೀನು ಚಿಕ್ಕಂದಿನಿಂದಲೂ ಅರ್ಧ ಹೇಳುವವಳು. ನಿನ್ನ ನೆಗೆಟಿವ್ ಚೀಟಿ ವಾರದ ಹಿಂದಿನದು ಅಂತ ಯಾಕೆ ಬರೆಯಲಿಲ್ಲ? ಆ ವಾರದಲ್ಲಿ ನೀನು ಎಷ್ಟು ಜನರ ಎಂಜಲು ತಟ್ಟೆ ಕಂಡೆಯೋ ನನಗೇನು ಗೊತ್ತು. ಬ್ಲಾಕ್ ಮಾಡಿದ್ದು ಯಾಕೆ ಅಂತಲೂ ಬರೆಯಲಿಲ್ಲ. ಹುತ್ತರಿಯ ಮರುದಿನ ನೀನು ಕಳಿಸಿದ ವಾಯ್ಸ್ ಮೆಸೇಜನ್ನು ನಾನು ಅಂಗಳದಲ್ಲಿ ತೆರೆದೆ. "ಹೆತ್ತವಳನ್ನು ಕೂಡಿಹಾಕಿದ ರಾಕ್ಷಸಿ" ಅಂತ ನೀನು ಕಿರಿಚಿದ್ದನ್ನು ಕಾಫಿ ಪಿಕ್ಕಿಂಗಿಗೆ ಹೊರಟ ಹೆಂಗಸರೆಲ್ಲ ನಿಂತು ಕೇಳಿದರು. ಈಗ ಲೈನಿನಲ್ಲಿ ನನ್ನ ಹೆಸರೇ ಅದು.

ಕೆಳಗಿನ ಲೈನಿನ ಮುದ್ದಿಯನ್ನು ನೀನು ಬಲ್ಲೆ, ಅವ್ವನಿಗೆ ಎಣ್ಣೆ ಹಚ್ಚಿಕೊಡುವವಳು. ಅವಳ ಅತ್ತೆಗೆ ಸೆಪ್ಟೆಂಬರಿನಲ್ಲಿ ಜ್ವರ ಬಂತು. ಆಂಬುಲೆನ್ಸ್ ಹತ್ತಿಸಿದ್ದೇ ಕೊನೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎಲ್ಲಿಗೋ ಕೊಂಡುಹೋದರು, ಮುದ್ದಿಗೆ ಮುಖ ತೋರಿಸಲಿಲ್ಲ. ಅವತ್ತಿನಿಂದ ನಾನು ಮಲಗುವುದು ಅವ್ವನ ಕೋಣೆಯ ಬಾಗಿಲಿಗೆ ಅಡ್ಡ. ನೀನು ಹೊಡೆಸಿಕೊಂಡದ್ದು ಒಂದು ಪಂಪು ನೀರು. ನನ್ನ ಎದೆ ಹೊಡೆದುಕೊಳ್ಳುವುದು ದಿನಾ. ಅದಕ್ಕೆ ಯಾರಿಗೆ ಕಾಗದ ಬರೆಯಲಿ?

ಸೀರೆಯ ವಿಷಯ ಬೇಸರವಾಯಿತು. ನಿಂಬೆಹುಳಿ ಹಚ್ಚಿ ನೋಡು.

ಅವ್ವ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ, ಬಿಸಿಲು ಬಂದರೆ ಕಾಫಿ ಕಣದ ಕಟ್ಟೆಯಲ್ಲಿ ಕೂರುತ್ತಾಳೆ. ನಿನ್ನ ಕಾಗದವನ್ನು ಅವಳ ಕಿವಿಯ ಹತ್ತಿರ ಕೂಗಿ ಓದಿದೆ. ಮಣೆ ಅಟ್ಟದಿಂದ ಇಳಿಯಿತು. ಜೇಡರ ಬಲೆ ಒರೆಸಿ, ಮಂಜೊಟ್ಟಿಯ ಕೆಂಪು ಕಾಳು ಗುಳಿಗೆ ನಾಲ್ಕರಂತೆ ತುಂಬಿಸಿದ್ದಾಯಿತು. ಎಡದಿಂದ ಮೂರನೇ ಗುಳಿ ಎತ್ತಿದ್ದು. ಸುತ್ತು ಹೋಗಿ ಆರು ಕಾಳು ಬಂತು. ಲೆಕ್ಕ ನೋಡಿಕೊಂಡು ನಿನ್ನ ಆಟ ಬರೆ.

ಇತಿ,
ನಿನ್ನ ಅಕ್ಕ
ಚಿತ್ರಾ


ಮಡಿಕೇರಿ
21 ಡಿಸೆಂಬರ್ 2020

ಅಕ್ಕ,

ಮಡಿಕೇರಿಯಿಂದ ಸುಂಟಿಕೊಪ್ಪಕ್ಕೆ ನಾನು ನಡೆದೇ ಬಂದು ಮುಟ್ಟಬಹುದು, ನಿನ್ನ ಕಾಗದ ಬರಲಿಕ್ಕೆ ಐದು ದಿನ. ಕವರಿಗೂ ಎಲ್ಲೋ ಕ್ವಾರಂಟೈನ್ ಮಾಡುತ್ತಾರೆ ಕಾಣುತ್ತದೆ.

ಮುದ್ದಿಯ ಅತ್ತೆಯ ಸುದ್ದಿ ನನಗೆ ಗೊತ್ತಿರಲಿಲ್ಲ. ನೀನು ಹೇಳಲಿಲ್ಲ. ಹೇಳಿದ್ದರೆ ನಾನು ಗೇಟಿನಾಚೆಯೇ ನಿಂತು ಅವ್ವನನ್ನು ಕಣ್ಣಾರೆ ನೋಡಿ ಹೋಗುತ್ತಿದ್ದೆ. ನಿನ್ನ ಹೆದರಿಕೆ ನನಗೆ ಅರ್ಥ ಆಗುತ್ತದೆ. ಆದರೆ ಹೆದರಿದವಳು ಬಾಯಿ ಬಿಟ್ಟು ಹೇಳಬೇಕು, ಬೊಮ್ಮನ ಕೈಯಲ್ಲಿ ಪಂಪು ಕೊಡಬಾರದು.

ನಿಂಬೆಹುಳಿ ಹಚ್ಚಿದೆ. ನೀಲಿ ಚುಕ್ಕೆ ಹಸುರಾಯಿತು.

ನನ್ನ ಮಣೆ ಕೇಳಿದರೆ ನಗುತ್ತೀ. ಇಲ್ಲಿ ರೋಗಿಗಳಿಗೆ ದಿನಾ ಮೊಟ್ಟೆ, ಟ್ರೇಗಳು ರಾಶಿ ಬಿದ್ದಿವೆ. ಒಂದನ್ನು ಕತ್ತರಿಸಿ ಅನ್ನದಗುಳಿನಲ್ಲಿ ಅಂಟಿಸಿ ಏಳೇಳು ಗುಳಿಯ ಎರಡು ಸಾಲು ಮಾಡಿದೆ. ಕಾಳಿಗೆ ಹುಣಸೆಬೀಜ. ಅಡುಗೆಮನೆಯ ಕಿಟಕಿ ಹತ್ತಿರ ಇಟ್ಟು, ಸಾರು ಕುದಿಯುವಾಗ ಆಡುವುದು. ಅವ್ವನ ಆಟವನ್ನು ನಾನೇ ಆಡಿ, ಆಮೇಲೆ ಆಚೆ ಬದಿ ಹೋಗಿ ನನ್ನ ಆಟ ಆಡುತ್ತೇನೆ. ಕಂಡವರು ಇವಳಿಗೆ ತಲೆಗೆ ಹತ್ತಿತು ಅಂದುಕೊಂಡಿರಬೇಕು.

ಇನ್ನೊಂದು ತಮಾಷೆ ಕೇಳು. ಮೇಲಿನ ಮಹಡಿಯಲ್ಲಿ ಶನಿವಾರಸಂತೆಯ ಸಣ್ಣಸ್ವಾಮಿ ಮೇಷ್ಟ್ರು ಅಂತ ಒಬ್ಬರು ಇದ್ದಾರೆ, ರಿಟೈರಾದವರು. ಪಾಠ ಮಾಡಲಿಕ್ಕೆ ಮಕ್ಕಳು ಸಿಗಲಿಲ್ಲ ನೋಡು, ನನ್ನ ಅಡುಗೆಗೆ ಮಾರ್ಕ್ ಹಾಕಲಿಕ್ಕೆ ಶುರು ಮಾಡಿದರು. ಊಟ ಆದ ಮೇಲೆ ಕಿಟಕಿಯಲ್ಲಿ ಬೆರಳು ತೋರಿಸುವುದು. ನಿನ್ನೆ ಬಸಳೆ ಸಾರಿಗೆ ಹತ್ತಕ್ಕೆ ಆರು. ನನ್ನ ಬಸಳೆ ಸಾರಿಗೆ ಆರು! ನಾನು ಕೆಳಗಿನಿಂದ ಕೂಗಿದೆ, "ಮೇಷ್ಟ್ರೇ, ನಿಮಗೆ ರುಚಿ ವಾಸನೆ ಬಂತಾ?" "ಇನ್ನೂ ಇಲ್ಲಮ್ಮ" ಅಂದರು. ರುಚಿಯೇ ಗೊತ್ತಾಗದ ಮನುಷ್ಯ ನಾಲ್ಕು ಮಾರ್ಕ್ ಯಾವ ಧೈರ್ಯದಲ್ಲಿ ಕಡಿದರು? "ನೋಡಿದರೆ ತೆಳ್ಳಗಿತ್ತು" ಅಂತೆ. ಇವತ್ತು ಸಾಂಬಾರನ್ನು ಬೇಕೆಂದೇ ಗಟ್ಟಿ ಮಾಡಿದ್ದೇನೆ, ಏಳಾದರೂ ಕೊಡದಿದ್ದರೆ ನಾಳೆ ಗಂಜಿ.

ನನ್ನ ಆಟ: ಬಲದಿಂದ ಎರಡನೇ ಗುಳಿ ಎತ್ತಿದೆ, ಬಂದದ್ದು ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ. ಅವ್ವ ಏನಂದಳು ಅಂತ ನೀನು ಒಂದು ಮಾತೂ ಬರೆಯಲಿಲ್ಲ. ಕದಿಯುವುದು ಬಿಟ್ಟಿದ್ದಾಳಾ? ಹಿಂದೆಲ್ಲ ಪ್ರತಿ ಆಟದಲ್ಲಿ ಒಂದು ಕಾಳು ಸೆರಗಿನ ಗಂಟಿಗೆ ಹೋಗುತ್ತಿತ್ತು. ನೀನು ಕಂಡು ಅಳುತ್ತಿದ್ದೆ, ನಾನು ಕಂಡೂ ಕಾಣದಂತೆ ಇರುತ್ತಿದ್ದೆ. ಈ ಸಲವೂ ಕದಿಯಲಿ ಬಿಡು. ಅದಿಲ್ಲದೆ ಅವಳಿಗೆ ಆಟ ಅನ್ನಿಸುವುದಿಲ್ಲ.

ಒಂದು ಮಾತು ಹೇಳಿಬಿಡುತ್ತೇನೆ. ಹಾಸ್ಟೆಲಿನ ಕೋಣೆ ಹಾಸ್ಟೆಲಿನದು. ನನಗೆ ಮನೆ ಅಂತ ಇರುವುದು ಅವ್ವ ಇರುವ ಕಡೆ. ನೀನಾಗಿ ಕರೆಯದೆ ಆ ಗೇಟಿಗೆ ಮತ್ತೆ ಬರುವುದಿಲ್ಲ. ಕರೆದು ನೋಡು, ಬಸ್ಸಿಗೂ ಕಾಯುವುದಿಲ್ಲ.

ಇತಿ,
ಹತ್ತಕ್ಕೆ ಆರು ಮಾರ್ಕಿನ
ಪವಿತ್ರಾ


ಸುಂಟಿಕೊಪ್ಪ
4 ಜನವರಿ 2021

ಪವಿತ್ರಾಳಿಗೆ ಆಶೀರ್ವಾದಗಳು. ನಾವೆಲ್ಲ ಕ್ಷೇಮ.

ಕ್ಷೇಮ ಅಂತ ಬರೆದೆ, ಆದರೆ ಹೊಟ್ಟೆ ಉರಿದು ನಾಲ್ಕು ದಿನ ಆಯಿತು. ಹೊಸ ವರ್ಷಕ್ಕೆ ಮ್ಯಾನೇಜರ್ ಬಂಗಲೆಗೆ ನೆಂಟರು ಬಂದಿದ್ದರು. ಎರಡು ಕಾರು, ಒಂದು ನಾಯಿ. ಒಬ್ಬರ ಮೂಗಿನ ಮೇಲೂ ಮಾಸ್ಕ್ ಇಲ್ಲ. ಬೊಮ್ಮ ಗೇಟು ಅಗಲಕ್ಕೆ ತೆರೆದು ಸೆಲ್ಯೂಟ್ ಹೊಡೆದ. ಪಂಪು ಅಲ್ಲೇ ಗೋಡೆಗೆ ಒರಗಿತ್ತು. ನಾನು ಇಳಿದುಹೋಗಿ ಕೇಳಿದೆ, "ಯಾಕೋ, ಇವರಿಗೆ ಹೊಡೆಯುವುದಿಲ್ಲವಾ?" "ಕಾರಿನವರಿಗೆ ಹೇಳಿಲ್ಲ ಅಮ್ಮ, ನಡೆದು ಬರುವವರಿಗೆ ಮಾತ್ರ" ಅಂದ.

ಮೇಲೆ ಬಂದು ಇವರಿಗೆ ಹೇಳಿದರೆ "ನಿನಗ್ಯಾಕೆ ದೊಡ್ಡವರ ಉಸಾಬರಿ" ಅಂದರು. ಅವತ್ತು ಇವರ ತಟ್ಟೆಗೆ ತಣ್ಣನೆ ಅನ್ನ ಹಾಕಿದೆ. ರಾತ್ರಿಯೆಲ್ಲ ಬಂಗಲೆಯಲ್ಲಿ ಹಾಡು ಹಾಕಿ ಕುಣಿದರು. ನಡೆದು ಬರುವವರ ಮೈಗೆ ಮಾತ್ರ ಹತ್ತುವ ರೋಗ ಇದು ಅಂತ ಯಾವ ಡಾಕ್ಟರ್ ಹೇಳಿದನೋ, ನನಗೆ ಅವನ ವಿಳಾಸ ಬೇಕು.

ಇದನ್ನು ನಿನಗೆ ಬರೆದದ್ದು ನೀನು ಗೆದ್ದೆ ಅಂತ ತಿಳಿಯಲಿ ಅಂತಲ್ಲ. ಬೇರೆ ಯಾರಿಗೂ ಹೇಳುವ ಹಾಗಿಲ್ಲ, ಅದಕ್ಕೆ.

ನಿನ್ನ ಮೇಷ್ಟ್ರ ಕಥೆ ಓದಿ ನಗು ಬಂತು. ಸಾಂಬಾರಿಗೆ ಎಷ್ಟು ಕೊಟ್ಟರು ಅಂತ ಬರೆ. ಇಲ್ಲಿ ಅಂಥ ತಮಾಷೆ ಇಲ್ಲ. ಹಗಲೆಲ್ಲ ಮಂಜು, ಸಂಜೆ ಕರೆಂಟಿಲ್ಲ, ಟಿವಿ ಹಾಕಿದರೆ ಹೆಣ. ಕೀರ್ತಿಕುಮಾರನ ಬೈಕು ತಿರುವಿನಲ್ಲಿ ಕೆಮ್ಮುವುದು ಕೇಳಿದರೆ ಕೈಯಲ್ಲಿದ್ದದ್ದು ಬಿಟ್ಟು ಅಂಗಳಕ್ಕೆ ಓಡುತ್ತೇನೆ. ನಿನ್ನ ಕಾಗದ ಬಂದ ದಿನ ಹಾಲು ಉಕ್ಕಿ ಒಲೆ ಆರಿತು. ಆಮೇಲೆ ಮಣೆ ಮುಂದೆ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ಈ ಸಲ ಬಲಗಡೆಯ ಕೊನೆ ಗುಳಿ ಎತ್ತಿದ್ದು. ನಾಲ್ಕು ಕಾಳು ಬಂತು. ಇನ್ನೊಂದು ವಿಷಯ, ಹೋದ ಸಲ ನಿನಗೆ ಒಂದು ಕಾಳು ಹೆಚ್ಚು ಬರಬೇಕಿತ್ತು. ನೀನು ಅವಸರದಲ್ಲಿ ಬಿಟ್ಟಿದ್ದೀಯ. ಇಲ್ಲಿ ನಿನ್ನ ರಾಶಿಗೆ ಸೇರಿಸಿದ್ದೇನೆ, ನೀನೂ ಸೇರಿಸಿಕೋ.

ಇತಿ,
ಚಿತ್ರಾ


ಮಡಿಕೇರಿ
13 ಜನವರಿ 2021

ಅಕ್ಕ,

ಅವ್ವ ಎಲ್ಲಿ?

ಸುತ್ತಿ ಬಳಸಿ ಬರೆಯಬೇಡ. ನೆಟ್ಟಗೆ ಉತ್ತರ ಬೇಕು. ಅವ್ವ ಎಲ್ಲಿದ್ದಾಳೆ, ಹೇಗಿದ್ದಾಳೆ?

ನಿನ್ನ ಕಾಗದ ಬಂದಾಗ ನನ್ನ ಟ್ರೇಯಲ್ಲಿ ಎಣಿಸಿದೆ. ನೀನು ಹೇಳಿದ್ದು ಸರಿ, ಒಂದು ಬೀಜ ನನಗೆ ಬರಬೇಕಿತ್ತು. ಸೇರಿಸಿಕೊಂಡೆ. ಆಮೇಲೆ ಹೊಳೆಯಿತು. ಅವ್ವ ಎದುರಿನವರಿಗೆ ಕಾಳು ಬಿಟ್ಟುಕೊಟ್ಟದ್ದು ನಾನು ಹುಟ್ಟಿದ ಮೇಲೆ ಕಂಡಿಲ್ಲ. ಕದ್ದು ಸಿಕ್ಕಿಬಿದ್ದರೆ "ಕಣ್ಣು ಮಂಜು ಮಗ" ಅನ್ನುವವಳು, ನನಗೆ ಬರಬೇಕಾದ್ದನ್ನು ಹುಡುಕಿ ಕೊಡುತ್ತಾಳಾ? ಹಳೆಯ ಕಾಗದ ತೆಗೆದು ನೋಡಿದೆ. ಆರು ಅಂದರೆ ಆರು, ನಾಲ್ಕು ಅಂದರೆ ನಾಲ್ಕು. ಒಂದು ಕಾಳೂ ಆಚೀಚೆ ಇಲ್ಲ. ಲೆಕ್ಕ ಇಷ್ಟು ಸರಿ ಇರುವ ಆಟ ಅವ್ವನದ್ದಲ್ಲ. ಈ ಭೂಮಿ ಮೇಲೆ ಹಾಗೆ ಆಡುವವಳು ಒಬ್ಬಳೇ, ಅವಳು ನೀನು.

ಅವ್ವನ ಜಾಗದಲ್ಲಿ ನೀನು ಯಾಕೆ ಕೂತಿದ್ದೀ?

ಇಲ್ಲಿ ನಾನು ದಿನಾ ನೋಡುತ್ತಿದ್ದೇನೆ ಅಕ್ಕ. ಸಣ್ಣಸ್ವಾಮಿ ಮೇಷ್ಟ್ರು ಮನೆಗೆ ಫೋನ್ ಮಾಡಿದಾಗಲೆಲ್ಲ "ಅಮ್ಮ ಮಲಗಿದ್ದಾರೆ, ಅಮ್ಮ ಸ್ನಾನಕ್ಕೆ ಹೋಗಿದ್ದಾರೆ" ಅಂತ ಮಗ ಹೇಳುತ್ತಿದ್ದ. ಹೋದ ವಾರ ಡಿಸ್ಚಾರ್ಜ್ ಆಗಿ ಹೋದರು. ಮನೆಗೆ ಹೋದ ಮೇಲೆ ಗೊತ್ತಾಯಿತಂತೆ, ಹೆಂಡತಿ ಹೋಗಿ ಹನ್ನೊಂದನೆಯ ದಿನವೂ ಕಳೆದಿತ್ತು. ಹೊರಡುವಾಗ ಕಿಟಕಿಯಲ್ಲಿ ಹತ್ತೂ ಬೆರಳು ತೋರಿಸಿ ಹೋಗಿದ್ದರು. ಬಾವ ನನಗೆ ತಿಂಗಳಿಂದ ಹೇಳುತ್ತಿರುವುದು ಅದನ್ನೇ, ಮಲಗಿದ್ದಾಳೆ, ಮಲಗಿದ್ದಾಳೆ. ನಿನ್ನೆ ಮಾಡಿದರೂ ಅದೇ.

ಈ ಬ್ಯಾಚಿನ ಡ್ಯೂಟಿ ಮುಗಿಯದೆ ನನ್ನನ್ನು ಹೊರಗೆ ಬಿಡುವುದಿಲ್ಲ, ಇಲ್ಲದಿದ್ದರೆ ಈ ಕಾಗದದ ಬದಲು ನಾನೇ ಬರುತ್ತಿದ್ದೆ. ಕರೆಯಲಿ ಅಂತ ಕಾಯುತ್ತಿರಲಿಲ್ಲ. ಆಡಬಾರದವರು ಆಡಿದ್ದೇವೆ ಅಂತ ಬೇರೆ ತಲೆಯಲ್ಲಿ ಕೊರೆಯುತ್ತಿದೆ. ಅಜ್ಜಿಯ ಮಾತು ಸುಳ್ಳಾಗಲಿ.

ಪವಿತ್ರಾ


ಸುಂಟಿಕೊಪ್ಪ
19 ಜನವರಿ 2021

ಪವಿತ್ರಾ,

ಅವ್ವ ಬದುಕಿದ್ದಾಳೆ. ಮೊದಲು ಅದನ್ನು ಓದಿಕೋ. ಈಗ ಕಣದ ಕಟ್ಟೆಯಲ್ಲಿ ಕೂತು ಎಲೆಅಡಿಕೆ ಹಾಕುತ್ತಿದ್ದಾಳೆ, ನಾನು ಕಿಟಕಿಯಿಂದ ನೋಡುತ್ತ ಬರೆಯುತ್ತಿದ್ದೇನೆ.

ಈಗ ನನ್ನ ಸರದಿ. ಅವ್ವ ಆಡಿದಳು ಅಂತ ನಾನು ಎಲ್ಲಿ ಬರೆದಿದ್ದೇನೆ, ತೆಗೆದು ತೋರಿಸು. "ಎತ್ತಿದ್ದು", "ಬಂತು", "ತುಂಬಿಸಿದ್ದಾಯಿತು" ಅಂತ ಬರೆದೆ. ಯಾರು ಅಂತ ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ನಾನು ಸುಳ್ಳು ಬರೆಯುವವಳಲ್ಲ.

ಅವ್ವ ಆಡಲಿಲ್ಲ. ಮಣೆಗೆ ಬೆರಳೂ ತಾಗಿಸಲಿಲ್ಲ. ಹುತ್ತರಿ ದಿನ ಅವಳು ಕಣದ ಕಟ್ಟೆಯಲ್ಲೇ ಇದ್ದಳು. ಅಲ್ಲಿಂದ ಗೇಟು ಕಾಣುತ್ತದೆ ಅಂತ ನನಗೆ ಹೊಳೆಯಲಿಲ್ಲ. ನಿನಗೆ ಹೊಡೆದದ್ದನ್ನು ಪೂರ್ತಿ ನೋಡಿದಳು. ಆ ರಾತ್ರಿ ಅನ್ನ ಬಡಿಸಿದರೆ ತಟ್ಟೆಯನ್ನು ನನ್ನ ಕಡೆ ದೂಡಿ "ಬೊತ್ತು" ಅಂದಳು. ನಮ್ಮ ಅರೆಭಾಷೆಯ ಬೊತ್ತು ನಿನಗೆ ಗೊತ್ತಲ್ಲ, ಕನ್ನಡದ ಬೇಡ ಅದರ ಮುಂದೆ ಎಷ್ಟು ಸಪ್ಪೆ. ಅದೊಂದೇ ಮಾತು. ಅವತ್ತಿನಿಂದ ನನ್ನ ಹತ್ತಿರ ಬೇರೆ ಮಾತಿಲ್ಲ. ಇವರು ಬಡಿಸಿದರೆ ಉಣ್ಣುತ್ತಾಳೆ, ಮುದ್ದಿ ಎಣ್ಣೆ ಹಚ್ಚಿದರೆ ನಗುತ್ತಾಳೆ, ನಾನು ಕೋಣೆಗೆ ಕಾಲಿಟ್ಟರೆ ಗೋಡೆಗೆ ತಿರುಗುತ್ತಾಳೆ. ನಿನ್ನ ಕಾಗದ ಓದಿ ಹೇಳಿ, ಮಣೆ ತಂದು ಮುಂದಿಟ್ಟರೆ ಮತ್ತೆ ಅದೇ, ಬೊತ್ತು.

ನಾನು ಯಾರಿಗೋಸ್ಕರ ಬಾಗಿಲಿಗೆ ಅಡ್ಡ ಮಲಗಿದೆ? ಯಾರನ್ನು ಉಳಿಸಲಿಕ್ಕೆ ತಂಗಿಯನ್ನು ಗೇಟಿನಾಚೆ ನಿಲ್ಲಿಸಿದೆ? ತಂಗಿ ಬೈಯುತ್ತಾಳೆ, ಅವ್ವ ಮುಖ ತಿರುಗಿಸುತ್ತಾಳೆ, ಲೈನಿನವರು ರಾಕ್ಷಸಿ ಅನ್ನುತ್ತಾರೆ, ಗಂಡ ಉಸಾಬರಿ ಬೇಡ ಅನ್ನುತ್ತಾರೆ. ಎಲ್ಲರಿಗೂ ಕೋಪ ಮಾಡಿಕೊಳ್ಳುವ ಹಕ್ಕುಂಟು, ನನಗೆ ಮಾತ್ರ ಇಲ್ಲ.

ಅವ್ವ ಬೇಡ ಅಂದ ಮಣೆಯನ್ನು ಅಟ್ಟಕ್ಕೆ ತಿರುಗಿ ಇಡಲಿಕ್ಕೆ ಹೋದೆ. ಕೈ ಬರಲಿಲ್ಲ. ನಾನು ಆಡುತ್ತೇನೆ ಅಂತ ಬರೆದರೆ ನೀನು ಅಕ್ಕತಂಗಿ ಆಡಬಾರದು ಅನ್ನುತ್ತೀ, ನಿಲ್ಲಿಸಿಬಿಡುತ್ತೀ. ಅದಕ್ಕೆ ಹೆಸರು ಬಿಟ್ಟು ಬರೆದೆ. ಈ ಚಳಿಗಾಲದಲ್ಲಿ ನನ್ನ ಹತ್ತಿರ ಮಾತಾಡಿದವಳು ನೀನೊಬ್ಬಳೇ ಪವಿ, ಅದೂ ಬೈಯಲಿಕ್ಕೆ. ಅಷ್ಟಾದರೂ ಇರಲಿ ಅನ್ನಿಸಿತು.

ಜನವರಿಯಲ್ಲಿ ಸುರಿದ ಮಳೆಗೆ ಕಣದಲ್ಲಿದ್ದ ಕಾಫಿಯೆಲ್ಲ ನೆನೆದು ಬೂಸಲು ಹಿಡಿದಿದೆ. ಮಳೆಗೂ ಹೊತ್ತುಗೊತ್ತಿಲ್ಲ.

ಆಟ ಇದ್ದಲ್ಲೇ ಇದೆ, ಸರದಿ ನಿನ್ನದು. ಆಡುವುದೂ ಬಿಡುವುದೂ ನಿನ್ನಿಷ್ಟ.

ಚಿತ್ರಾ


ಮಡಿಕೇರಿ
26 ಜನವರಿ 2021

ಅಕ್ಕ,

ನಿನ್ನ ಕಾಗದ ಮೂರು ಸಲ ಓದಿದೆ. ಎರಡನೇ ಸಲ ಅತ್ತೆ. ಮೂರನೇ ಸಲ ಓದುವಾಗ ಕೋಪ ಬಂತು.

ಇದನ್ನೆಲ್ಲ ನಾನು ನಂಬುವುದು ಹೇಗೆ? ಕರ್ತೃವನ್ನು ನುಂಗಿ ಒಂದು ತಿಂಗಳು ಆಟ ಆಡಿಸಿದವಳು ನೀನು. ಕಣದ ಕಟ್ಟೆ, ಎಲೆಅಡಿಕೆ ಅಂತ ಯಾರು ಬೇಕಾದರೂ ಬರೆಯಬಹುದು. ಮೇಷ್ಟ್ರ ಮಗ ಇದಕ್ಕಿಂತ ಚಂದ ಹೇಳುತ್ತಿದ್ದ, ಅಮ್ಮ ಉಪ್ಪಿನಕಾಯಿ ಹಾಕುತ್ತಿದ್ದಾರೆ ಅಂತ. ನೀನು ಅವ್ವನಿಗೆ ಏನೋ ಆದದ್ದನ್ನು ಮುಚ್ಚಿಡಲಿಕ್ಕೆ ಈ ಮುನಿಸಿನ ಕಥೆ ಕಟ್ಟಿದ್ದರೆ? ಹಾಗೆ ಅನುಮಾನ ಪಡುವುದಕ್ಕೆ ನನಗೇ ನಾಚಿಕೆ ಆಗುತ್ತದೆ, ಆದರೂ ಅನುಮಾನ ಹೋಗುವುದಿಲ್ಲ. ರಾತ್ರಿ ಕಣ್ಣು ಮುಚ್ಚಿದರೆ ಹುತ್ತರಿಯ ಗೇಟು. ಒಂದು ಸಲ ತಲೆ ಎತ್ತಿ ಕಣದ ಕಡೆ ನೋಡಿದ್ದರೆ ಅವ್ವ ಕಾಣುತ್ತಿದ್ದಳಲ್ಲ. ಕಣ್ಣು ಮುಚ್ಚಿಕೊಳ್ಳಿ ಅಂದ ಬೊಮ್ಮ, ನಾನೂ ಮುಚ್ಚಿಕೊಂಡೆ.

ನನಗೆ ಗುರುತು ಬೇಕು. ಅವ್ವನ ಕೈಯಿಂದ ಏನಾದರೂ ಬರಲಿ. ಅವಳಿಗೆ ಅಕ್ಷರ ಬರುವುದಿಲ್ಲ ಅಂತ ನನಗೂ ಗೊತ್ತು, ಏನು ಅಂತ ನನ್ನನ್ನು ಕೇಳಬೇಡ.

ನನ್ನ ಆಟ ಆಡಿದ್ದೇನೆ. ನಡುವಿನ ಗುಳಿ. ಯಾರ ಜೊತೆ ಆಡುತ್ತಿದ್ದೇನೆ ಅಂತ ಗೊತ್ತಿದ್ದೂ ಆಡಿದ್ದೇನೆ, ನಿಲ್ಲಿಸಲಿಲ್ಲ. ಅದನ್ನೂ ಓದಿಕೋ.

ಪವಿತ್ರಾ


ಸುಂಟಿಕೊಪ್ಪ
3 ಫೆಬ್ರವರಿ 2021

ಪವಿತ್ರಾ,

ಗುರುತು ಕೇಳಿದ್ದೀ. ನನ್ನ ಮಾತು ಸಾಲದವಳಿಗೆ ನಾನು ಗುರುತು ಎಲ್ಲಿಂದ ತರಲಿ. ಆದರೂ ಅವ್ವನ ಹತ್ತಿರ ಹೋಗಿ ಕಿವಿಯಲ್ಲಿ ಕೂಗಿದೆ, "ಪವಿ ನೀನು ಸತ್ತಿದ್ದೀಯ ಅಂತ ತಿಳಿದಿದ್ದಾಳೆ" ಅಂತ. ನನ್ನನ್ನು ಒಂದು ಸಲ ನೋಡಿದಳು. ಹುತ್ತರಿಯ ನಂತರ ಮೊದಲ ಸಲ. ಮತ್ತೆ ಗೋಡೆಗೆ ತಿರುಗಿದಳು.

ನಿನ್ನ ನಡುವಿನ ಗುಳಿ ಎತ್ತಿ ಆಡಲಿಕ್ಕೆ ಕೂತರೆ ಇಲ್ಲಿ ಇನ್ನೊಂದು ಕೇಡು. ಒಂದು ಕಾಳು ಕಡಿಮೆ. ಇವತ್ತು ಬೆಳಿಗ್ಗೆ ಸರಿ ಇತ್ತು, ಮಧ್ಯಾಹ್ನ ಇಲ್ಲ. ಮಂಚದ ಅಡಿ ಗುಡಿಸಿದೆ, ಚಾಪೆ ಕೊಡವಿದೆ, ಇವರ ಜೇಬು ನೋಡಿದೆ. ಇವರು "ಒಂದು ಕಾಳಿಗೆ ಇಷ್ಟು ರಂಪವಾ" ಅಂದರು. ಬೊಮ್ಮನ ಕೋಳಿ ಒಳಗೆ ಬಂದಿತ್ತು, ಅದೇ ನುಂಗಿರಬೇಕು ಅಂತ ಬೊಮ್ಮನ ಹತ್ತಿರ ಜಗಳ ಆಡಿ ಬಂದೆ. ಅವ್ವ ಆಡುತ್ತಿದ್ದರೆ ಸೆರಗಿನ ಗಂಟು ಬಿಚ್ಚಿಸುತ್ತಿದ್ದೆ. ಮಣೆ ಇರುವ ಕೋಣೆಗೆ ಅವಳು ಬರುವುದೇ ಇಲ್ಲವಲ್ಲ. ಎರಡು ತಿಂಗಳು ಲೆಕ್ಕ ತಪ್ಪದೆ ಕಾಪಾಡಿದ್ದು ಕೋಳಿಯ ಹೊಟ್ಟೆಗೆ ಹೋಯಿತು. ಕಾಳು ಕಮ್ಮಿ ಇರುವ ಆಟ ನಾನು ಆಡುವುದಿಲ್ಲ, ನಿನಗೆ ಗೊತ್ತು. ಆಟ ಇಲ್ಲಿಗೆ ನಿಂತಿತು.

ಹಾಗೆಯೇ ಜಗಳ ಆಡುವಾಗ ಪಂಪಿನ ನಳಿಗೆಯನ್ನು ಬಿಚ್ಚಿ ತಂದೆ. ಈಗ ನನ್ನ ಅಕ್ಕಿ ಡಬ್ಬಿಯ ಒಳಗೆ ಇದೆ. ಬೊಮ್ಮ ಕೇಳಿದ, ಕೊಡಲಿಲ್ಲ. ಮ್ಯಾನೇಜರ್ ಕೇಳಿದರೂ ಕೊಡುವುದಿಲ್ಲ. ಯಾಕೆ ಅಂತ ನೀನೂ ಕೇಳಬೇಡ.

ಗೋಂದು ಮುಗಿದಿದೆ. ಕವರನ್ನು ಹಾಗೇ ಜಗಲಿಯ ಮೇಲೆ ಇಟ್ಟಿರುತ್ತೇನೆ, ಇವರು ಆಫೀಸಿಗೆ ಹೋಗುವಾಗ ಅಂಟಿಸಿ ಕೊಡುತ್ತಾರೆ.

ಇತಿ,
ನಿನ್ನ ಅಕ್ಕ
ಚಿತ್ರಾ


ಮಡಿಕೇರಿ
9 ಫೆಬ್ರವರಿ 2021

ಅಕ್ಕ,

ಬೊಮ್ಮನ ಕೋಳಿಗೆ ಕ್ಷಮೆ ಕೇಳು.

ನಿನ್ನ ಕವರು ಅಡುಗೆಮನೆಯಲ್ಲಿ ಒಡೆದೆ. ಕಾಗದ ತೆಗೆಯುವಾಗ ಏನೋ ಟಣ್ ಅಂತ ಸಾರಿನ ಪಾತ್ರೆಯ ಮುಚ್ಚಳಕ್ಕೆ ಬಡಿದು ನೆಲಕ್ಕೆ ಉರುಳಿತು. ಕಲ್ಲು ಅಂದುಕೊಂಡೆ. ಬಗ್ಗಿ ನೋಡಿದರೆ ಕೆಂಪು ಮಂಜೊಟ್ಟಿ. ಇಲ್ಲಿ ಇರುವುದೆಲ್ಲ ನನ್ನ ಹುಣಸೆಬೀಜ, ಕೆಂಪು ಕಾಳು ಇಡೀ ಮಡಿಕೇರಿಯಲ್ಲಿ ನನಗೆ ಸಿಕ್ಕಿರಲಿಲ್ಲ. ಮೂಸಿ ನೋಡಿದೆ. ಹೊಗೆಸೊಪ್ಪು. ಅವ್ವನ ಸೆರಗಿನ ಗಂಟಿನ ವಾಸನೆ.

ನೀನು ಇಟ್ಟದ್ದಲ್ಲ. ನೀನು ಇಟ್ಟಿದ್ದರೆ "ಒಂದು ಕಾಳು ಲಗತ್ತಿಸಿದೆ" ಅಂತ ಬರೆಯುತ್ತಿದ್ದೆ. ಬಾವನಿಗೆ ಅಷ್ಟು ತಲೆ ಇಲ್ಲ. ನೀನು ಮಂಚದ ಅಡಿ ಗುಡಿಸುತ್ತಿದ್ದಾಗ ಅದು ಅವಳ ಗಂಟಿನಲ್ಲಿತ್ತು, ನೀನು ಕವರನ್ನು ಜಗಲಿಯಲ್ಲಿಟ್ಟು ಒಳಗೆ ಹೋದಾಗ ಅವಳು ಬಂದು ಕವರಿನೊಳಗೆ ಹಾಕಿದಳು. ಕದ್ದಳು ಅಕ್ಕ. ಇನ್ನೂ ಕದಿಯುತ್ತಾಳೆ. ನಾನು ಅಲ್ಲೇ ಒಲೆ ಮುಂದೆ ಕೂತು ಅತ್ತು, ನಕ್ಕು, ಸಾರು ತಳ ಹಿಡಿಯಿತು. ಮೇಷ್ಟ್ರು ಇದ್ದಿದ್ದರೆ ಸೊನ್ನೆ ಕೊಡುತ್ತಿದ್ದರು.

ನೀನು ಇಷ್ಟೆಲ್ಲ ಬರೆದೆ, ನಳಿಗೆ ಬಿಚ್ಚಿ ಅಕ್ಕಿಯಲ್ಲಿ ಹೂತಿಟ್ಟೆ, "ಬಾ" ಅನ್ನುವ ಒಂದು ಅಕ್ಷರ ಮಾತ್ರ ನಿನ್ನ ಪೆನ್ನಿನಿಂದ ಬರಲಿಲ್ಲ. ಅದಕ್ಕೆ ನನಗೆ ಈಗಲೂ ಕೋಪ ಉಂಟು, ಎದುರು ಕೂತು ತೀರಿಸಿಕೊಳ್ಳುತ್ತೇನೆ. ನಿನ್ನ ಕರೆ ಕಾಯುವುದಿಲ್ಲ. ನನ್ನನ್ನು ಕರೆದವಳು ಕರೆದಾಯಿತು.

ಸೆಂಟರ್ ಮುಚ್ಚುತ್ತಿದ್ದಾರೆ, ಹುಡುಗಿಯರು ಹಾಸ್ಟೆಲಿಗೆ ತಿರುಗಿ ಬರುತ್ತಾರೆ. ನನ್ನ ಟೆಸ್ಟ್ ಶನಿವಾರ, ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಚೀಟಿ ಈ ಸಲ ಒಂದೇ ದಿನ ಹಳೆಯದು, ಬೇಕಾದರೆ ಗೇಟಿಗೆ ಅಂಟಿಸು. ಆ ಚುಕ್ಕೆ ಸೀರೆಯನ್ನೇ ಉಟ್ಟು ಬರುತ್ತೇನೆ, ಅವ್ವನಿಗೆ ದೂರದಿಂದಲೇ ಗುರುತು ಸಿಗಲಿ. ಬಚ್ಚಲಿಗೆ ಬೆಂಕಿ ಹಾಕಿ ಬಿಸಿನೀರು ಕಾಸಿಡು. ನಾನೇ ಮಿಂದು ಒಳಗೆ ಬರುತ್ತೇನೆ, ಯಾರೂ ಹೊಡೆಯುವುದು ಬೇಡ.

ಮಣೆಯನ್ನು ಹಾಗೇ ಇಡು. ಕಾಳು ನನ್ನ ಹತ್ತಿರ ಉಂಟು, ನಾನು ಬಾರದೆ ನಿನ್ನ ಲೆಕ್ಕ ಸರಿಯಾಗುವುದಿಲ್ಲ. ಅವ್ವ ಆಚೆ ಬದಿ ಕೂರಲಿ, ಈಚೆ ಬದಿ ನಾವಿಬ್ಬರು. ಅಕ್ಕತಂಗಿ ಎದುರುಬದುರು ಕೂರಬಾರದು ಅಂತ ಮಾತ್ರ ಅಜ್ಜಿ ಹೇಳಿದ್ದು. ಒಂದೇ ಬದಿಯಲ್ಲಿ ಕೂರಬಾರದು ಅಂತ ಹೇಳಲಿಲ್ಲ. ನೀನು ಅವಳ ಸೆರಗಿನ ಗಂಟು ನೋಡುತ್ತಿರು, ನಾನು ಆಡುತ್ತೇನೆ.

ಇತಿ,
ಪವಿ